ರನ್‌ವೇಗೂ ಏರು-ಇಳಿಜಾರು ಉಂಟು: ಬಜಪೆಯಲ್ಲಿ ವಿಮಾನ ಏರ್ಲಿಕ್ಕೆ, ನಿಲ್ಲಿಕ್ಕೆ ಎಷ್ಟು ಜಾಗ ಬೇಕು?

ಬೆಳ್ಳಾರೆ: ನಮ್ಮ ಸುಳ್ಯ, ಪುತ್ತೂರು, ಕಡಬ ಭಾಗದಲ್ಲಿ ಗಲ್ಫ್‌ಗೆ ಹೋದವರು ಇಲ್ಲದ ಊರು ಸಿಗುವುದು ಕಷ್ಟ. ಅವರನ್ನು ಬಿಡ್ಲಿಕ್ಕೆ, ಕರೆದುಕೊಂಡು ಬರ್ಲಿಕ್ಕೆ ಬಜಪೆಗೆ ಹೋಗಿ ಬಂದವರಂತೂ ಪ್ರತಿ ಪೇಟೆಯಲ್ಲೂ ಇದ್ದಾರೆ. ಹಾಗೆ ಹೋದಾಗ ಕೇಳಿ ಬರುವ ಮಾತು ಕೆಲವು ಉಂಟು. "ಅದು ಟೇಬಲ್ ಟಾಪ್, ಡೇಂಜರ್", "ರನ್‌ವೇ ಇಳಿಜಾರು ಉಂಟಂತೆ", "ಮಳೆಗೆ ವಿಮಾನ ಇಳಿಸದೆ ಬೆಂಗಳೂರಿಗೆ ತಗೊಂಡು ಹೋದ್ರು", "ಲಗೇಜ್ ಅರ್ಧ ಅಲ್ಲೇ ಬಿಟ್ಟು ಬಂದ್ರು". ಈ ಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ರನ್‌ವೇಯ ಇಳಿಜಾರು ನಿಜವಾಗಿ ಏನು ಮಾಡುತ್ತದೆ? ಲೆಕ್ಕ ಹಾಕಿ ನೋಡಿದರೆ ವಿಷಯ ಅಷ್ಟು ಕಷ್ಟದ್ದಲ್ಲ.

ಟೇಬಲ್ ಟಾಪ್ ಬೇರೆ, ಇಳಿಜಾರು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಟೇಬಲ್ ಟಾಪ್ ಅಂದ್ರೆ ರನ್‌ವೇ ಇಳಿಜಾರಾಗಿದೆ ಎಂದು ಅರ್ಥವಲ್ಲ. ನಮ್ಮ ಕಡೆ ಗುಡ್ಡೆಯ ತಲೆ ಚಪ್ಪಟೆಯಾಗಿದ್ದರೆ ಅದಕ್ಕೆ ಪದವು ಅಂತೇವೆ. ಮಂಗಳೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವಾಗ ಸಿಗುವ ಪದವಿನಂಗಡಿಯ ಹೆಸರಿನಲ್ಲೇ ಅದು ಉಂಟು. ಬಜಪೆ-ಕೆಂಜಾರಿನ ರನ್‌ವೇ ಕೂಡ ಇಂಥದ್ದೇ ಎತ್ತರದ ಜಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲೆ ಇದೆ. ರನ್‌ವೇ ಮುಗಿದ ಮೇಲೆ ಸ್ವಲ್ಪ ಜಾಗ, ಆಮೇಲೆ ಕಣಿವೆ. ಟೇಬಲ್ ಟಾಪ್ ಎಂಬ ಹೆಸರು ಬಂದದ್ದು ಈ ಕಣಿವೆಯಿಂದ.

ಇಳಿಜಾರು ಎಂದರೆ ರನ್‌ವೇಯ ಉದ್ದಕ್ಕೆ ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ ಇರುವುದು. ಇದು ಬಯಲುಸೀಮೆಯ ರನ್‌ವೇಯಲ್ಲೂ ಇರುತ್ತದೆ. ನೂರಕ್ಕೆ ನೂರು ಸಮತಟ್ಟಾದ ರನ್‌ವೇ ಬಹಳ ಅಪರೂಪ. ಟೇಬಲ್ ಟಾಪ್ ನಿಲ್ದಾಣದ ಕಷ್ಟ ಏನೆಂದರೆ, ಬೇರೆ ಕಡೆ ನೂರು ಮೀಟರ್ ಹೆಚ್ಚು ಓಡಿದ ವಿಮಾನ ಹುಲ್ಲಿನಲ್ಲೋ ಗದ್ದೆಯಲ್ಲೋ ನಿಲ್ಲಬಹುದು. ಇಲ್ಲಿ ಆ ನೂರು ಮೀಟರಿಗೆ ಜಾಗ ಇಲ್ಲ. ಹಾಗಾಗಿ ಇಳಿಜಾರು, ಮಳೆ, ಗಾಳಿ ಎಲ್ಲದರ ಲೆಕ್ಕವೂ ಇಲ್ಲಿ ಹೆಚ್ಚು ಬಿಗಿ.

ಒಂದು ಶೇಕಡಾ ಅಂದ್ರೆ ಎಷ್ಟು?

ರನ್‌ವೇಯ ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಇರುವ ವ್ಯತ್ಯಾಸವನ್ನು ರನ್‌ವೇಯ ಉದ್ದದಿಂದ ಭಾಗಿಸಿದರೆ ಇಳಿಜಾರಿನ ಶೇಕಡಾ ಸಿಗುತ್ತದೆ. 100 ಮೀಟರ್ ಹೋಗುವಾಗ 1 ಮೀಟರ್ ಏರಿದರೆ ಅದು ಶೇ.1. ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿದವರಿಗೆ ಇದೊಂದು ಏರೇ ಅಲ್ಲ. ಸೈಕಲ್ ತುಳಿಯುವವರಿಗೆ ಮಾತ್ರ ಕಾಲಿಗೆ ಗೊತ್ತಾಗಬಹುದು.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ದೊಡ್ಡ ಜೆಟ್ ವಿಮಾನ ಇಳಿಯುವ ರನ್‌ವೇಗಳ ಒಟ್ಟು ಇಳಿಜಾರು ಶೇ.1 ದಾಟಬಾರದು ಎನ್ನುತ್ತದೆ. ಸಣ್ಣ ವಿಮಾನಗಳ ಚಿಕ್ಕ ರನ್‌ವೇಗೆ ಶೇ.2ರ ತನಕ ಅವಕಾಶ ಉಂಟು. ಅತಿ ಉದ್ದದ ವರ್ಗದ ರನ್‌ವೇಗಳಲ್ಲಿ ಮೊದಲ ಕಾಲು ಭಾಗ ಮತ್ತು ಕೊನೆಯ ಕಾಲು ಭಾಗ ಇನ್ನೂ ಚಪ್ಪಟೆ ಇರಬೇಕು, ಅಲ್ಲಿ ಶೇ.0.8ಕ್ಕಿಂತ ಹೆಚ್ಚಾಗಬಾರದು. ಯಾಕೆಂದರೆ ವಿಮಾನ ನೆಲ ಮುಟ್ಟುವುದು, ಕೊನೆಗೆ ನಿಲ್ಲುವುದು ಎರಡೂ ಅಲ್ಲೇ.

ಬಜಪೆಯ ಈಗಿನ ರನ್‌ವೇ 2,450 ಮೀಟರ್. ಇಷ್ಟು ಉದ್ದಕ್ಕೆ ಶೇ.1 ಎಂದರೆ ತುದಿಯಿಂದ ತುದಿಗೆ ಇಪ್ಪತ್ತನಾಲ್ಕೂವರೆ ಮೀಟರ್ ವ್ಯತ್ಯಾಸ, ಸುಮಾರು ಎಂಟು ಮಾಳಿಗೆಯ ಕಟ್ಟಡದಷ್ಟು. ಇದು ಬಜಪೆಯ ಅಳತೆ ಅಲ್ಲ, ನಿಯಮದಲ್ಲಿರುವ ಗರಿಷ್ಠ ಮಿತಿ ಎಷ್ಟು ದೊಡ್ಡದು ಎಂದು ತೋರಿಸ್ಲಿಕ್ಕೆ ಹೇಳಿದ್ದು.

ಏರುವಾಗ: ಹತ್ತು ಗೋಣಿ ಅಡಿಕೆಯ ಎಳೆತ

ಗಲ್ಫ್‌ಗೆ ಹೋಗುವ ಬೋಯಿಂಗ್ 737-800 ವಿಮಾನವನ್ನೇ ತೆಗೆದುಕೊಳ್ಳಿ. ಪ್ರಯಾಣಿಕರು, ಇಂಧನ ಸೇರಿ ತೂಕ 65 ಟನ್ ಅಂತ ಇಟ್ಟುಕೊಳ್ಳುವ. ಶೇ.1 ಏರಿನಲ್ಲಿ ಅದರ ತೂಕದ ನೂರನೇ ಒಂದು ಪಾಲು, ಅಂದರೆ 650 ಕಿಲೋ, ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. 65 ಕಿಲೋದ ಹತ್ತು ಗೋಣಿ ಅಡಿಕೆಯನ್ನು ಹಗ್ಗಕ್ಕೆ ಕಟ್ಟಿ ಹಿಂದಿನಿಂದ ನೇತು ಹಾಕಿದ ಹಾಗೆ. ಇಳಿಜಾರಿನಲ್ಲಿ ಅದೇ 650 ಕಿಲೋ ಮುಂದಕ್ಕೆ ದೂಡುತ್ತದೆ.

ಎರಡು ಎಂಜಿನ್ ಸೇರಿ ಸುಮಾರು 24 ಟನ್ ಬಲದಿಂದ ನೂಕುವ ವಿಮಾನಕ್ಕೆ 650 ಕಿಲೋ ದೊಡ್ಡದಲ್ಲ ಅನ್ನಿಸಬಹುದು. ಆದರೆ ದೂರಕ್ಕೆ ಲೆಕ್ಕ ಹಾಕಿ. ಗಂಟೆಗೆ 270 ಕಿ.ಮೀ., ಅಂದರೆ ಸೆಕೆಂಡಿಗೆ 75 ಮೀಟರ್ ವೇಗ ಬಂದಾಗ ವಿಮಾನ ನೆಲ ಬಿಡುತ್ತದೆ, ಸಮತಟ್ಟು ರನ್‌ವೇಯಲ್ಲಿ ಪ್ರತಿ ಸೆಕೆಂಡಿಗೆ ವೇಗ 2 ಮೀಟರಿನಂತೆ ಹೆಚ್ಚುತ್ತದೆ ಎಂದುಕೊಂಡರೆ, ಓಡಬೇಕಾದ ದೂರ ಸುಮಾರು 1,400 ಮೀಟರ್. ಶೇ.1 ಏರಾದರೆ ವೇಗ ಹೆಚ್ಚುವುದು 2ರ ಬದಲು 1.9. ಆಗ ದೂರ 1,480 ಮೀಟರ್. ಇಳಿಜಾರಾದರೆ 1,340 ಮೀಟರ್ ಸಾಕು. ಅಂದರೆ ಏರಿಗೂ ಇಳಿಜಾರಿಗೂ ಹೆಚ್ಚು ಕಡಿಮೆ 140 ಮೀಟರ್ ವ್ಯತ್ಯಾಸ.

ಇದು ಬರೀ ಓಟದ ಲೆಕ್ಕ. ರನ್‌ವೇ ಕಟ್ಟುವಾಗ ಎಂಜಿನಿಯರುಗಳು ಇನ್ನೂ ಎಚ್ಚರಿಕೆಯಿಂದ ಲೆಕ್ಕ ಹಾಕುತ್ತಾರೆ. ಪ್ರತಿ ಶೇ.1 ಇಳಿಜಾರಿಗೆ ಉದ್ದ ಶೇ.10 ಹೆಚ್ಚಿಸಬೇಕು, ಪ್ರತಿ 300 ಮೀಟರ್ ಎತ್ತರಕ್ಕೆ ಶೇ.7 ಹೆಚ್ಚಿಸಬೇಕು, ಸೆಖೆ ಹೆಚ್ಚಿದ ಹಾಗೆ ಪ್ರತಿ ಡಿಗ್ರಿಗೆ ಶೇ.1 ಹೆಚ್ಚಿಸಬೇಕು ಎಂಬ ಸೂತ್ರ ಉಂಟು. ಸೆಖೆಯಲ್ಲಿ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೂ ಎಂಜಿನಿಗೂ ಬಲ ಕಡಿಮೆ. ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನೆನಪು ಮಾಡಿಕೊಳ್ಳಿ.

ಲಗೇಜ್ ಯಾಕೆ ಬಿಟ್ಟು ಬರ್ತಾರೆ ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಸಿಗುತ್ತದೆ. ರನ್‌ವೇಯ ಉದ್ದ ಹೆಚ್ಚಿಸ್ಲಿಕ್ಕೆ ಆಗುವುದಿಲ್ಲ, ಇಳಿಜಾರು ತೆಗೆಯ್ಲಿಕ್ಕೆ ಆಗುವುದಿಲ್ಲ, ಸೆಖೆ, ಗಾಳಿ ನಮ್ಮ ಕೈಯಲ್ಲಿ ಇಲ್ಲ. ಆ ದಿನ ಕಂಪೆನಿಯ ಕೈಯಲ್ಲಿ ಉಳಿಯುವುದು ತೂಕ ಒಂದೇ. ಎಲ್ಲ ಲಗೇಜ್ ತೊಂದರೆಗೂ ಇದೇ ಕಾರಣ ಅಂತ ಅಲ್ಲ. ಆದರೆ ಇದೂ ಒಂದು ನಿಜವಾದ ಕಾರಣ.

ಹೋಗುವುದೋ ನಿಲ್ಲುವುದೋ: ಆ ಒಂದು ಸೆಕೆಂಡ್

ವಿಮಾನ ಓಡುವಾಗ ಪೈಲಟ್‌ಗಳು ಒಂದು ವೇಗವನ್ನು ಮೊದಲೇ ಗುರುತು ಮಾಡಿ ಇಟ್ಟಿರುತ್ತಾರೆ. ಅದಕ್ಕೆ ವಿ-ವನ್ ಎಂದು ಹೆಸರು. ಆ ವೇಗ ಬರುವ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್ ಹಾಕಿ ನಿಲ್ಲಿಸಬೇಕು. ಆ ವೇಗ ದಾಟಿದ ಮೇಲೆ ಕೆಟ್ಟರೆ ಒಂದೇ ಎಂಜಿನಿನಲ್ಲಿ ಆದರೂ ಏರಲೇಬೇಕು, ನಿಲ್ಲಿಸ್ಲಿಕ್ಕೆ ಜಾಗ ಉಳಿದಿರುವುದಿಲ್ಲ.

ಇಳಿಜಾರು ಇಲ್ಲಿ ಎರಡೂ ಕಡೆಯಿಂದ ಆಟ ಆಡುತ್ತದೆ. ಇಳಿಜಾರಿನ ದಿಕ್ಕಿಗೆ ಓಡಿದರೆ ವೇಗ ಬೇಗ ಬರುತ್ತದೆ, ಆದರೆ ನಿಲ್ಲಿಸಬೇಕಾಗಿ ಬಂದರೆ ದೂರ ಹೆಚ್ಚು ಬೇಕು. ಏರಿನ ದಿಕ್ಕಿಗೆ ಓಡಿದರೆ ವೇಗ ಬರ್ಲಿಕ್ಕೆ ತಡ, ಆದರೆ ನಿಲ್ಲುವುದು ಸುಲಭ. ಹಾಗಾಗಿ ಇಳಿಜಾರಿನ ಕಡೆ ಓಡುವಾಗ ವಿ-ವನ್ ಸ್ವಲ್ಪ ಕಡಿಮೆ ಇಡುತ್ತಾರೆ. ನಿಲ್ಲಿಸುವ ತೀರ್ಮಾನ ಮೊದಲೇ ಆಗಿ ಹೋಗಬೇಕು ಎಂದು ಇದರ ಅರ್ಥ.

ಹಾಗಾದರೆ ಯಾವಾಗಲೂ ಇಳಿಜಾರಿನ ಕಡೆಗೇ ಏರಿ, ಏರಿನ ಕಡೆಗೇ ಇಳಿಯಬಹುದಲ್ಲ? ಕೆಲವು ಕಡೆ ಹಾಗೇ ಮಾಡ್ತಾರೆ. ನೇಪಾಳದ ಲುಕ್ಲಾದಲ್ಲಿ ರನ್‌ವೇ 527 ಮೀಟರ್ ಮಾತ್ರ, ಇಳಿಜಾರು ಸುಮಾರು ಶೇ.12. ಅಲ್ಲಿ ಸಣ್ಣ ವಿಮಾನಗಳು ಗುಡ್ಡೆಯ ಕಡೆಗೆ ಏರಿನಲ್ಲಿ ಇಳಿದು, ಕಣಿವೆಯ ಕಡೆಗೆ ಇಳಿಜಾರಿನಲ್ಲಿ ಹಾರುತ್ತವೆ. ಬೇರೆ ದಾರಿಯೇ ಇಲ್ಲ.

ಬಜಪೆಯಂಥ ಕಡೆ ಇಳಿಜಾರಿಗಿಂತ ಗಾಳಿ ದೊಡ್ಡದು. ಎದುರು ಗಾಳಿ ಇದ್ದರೆ ರೆಕ್ಕೆಗೆ ಬೇಕಾದ ಗಾಳಿಯ ವೇಗದಲ್ಲಿ ಒಂದು ಪಾಲು ಧರ್ಮಕ್ಕೆ ಸಿಗುತ್ತದೆ. ಹಿಂದಿನಿಂದ ಗಾಳಿ ಬೀಸಿದರೆ ನೆಲದ ಮೇಲಿನ ವೇಗ ಅಷ್ಟು ಹೆಚ್ಚಾಗುತ್ತದೆ. ನೆಲದ ವೇಗ ಶೇ.10 ಹೆಚ್ಚಾದರೆ ನಿಲ್ಲುವ ದೂರ ಶೇ.21 ಹೆಚ್ಚಾಗುತ್ತದೆ, ಯಾಕೆಂದರೆ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಇಳಿಜಾರು ಕಾಲು ಎಳೆದರೆ ಹಿಂಗಾಳಿ ಕುತ್ತಿಗೆಗೇ ಕೈ ಹಾಕುತ್ತದೆ.

ಬಜಪೆ ರನ್‌ವೇಯ ತುದಿಗಳಲ್ಲಿ 06 ಮತ್ತು 24 ಎಂಬ ಸಂಖ್ಯೆ ಇದೆ. ಅದು ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು ಬರೆದದ್ದು. 24 ಎಂದರೆ 240 ಡಿಗ್ರಿ, ನೈಋತ್ಯದಿಂದ ಸ್ವಲ್ಪ ಪಶ್ಚಿಮಕ್ಕೆ. ನಮ್ಮ ಮಳೆಗಾಲದ ಗಾಳಿ ಬರುವ ದಿಕ್ಕು ನಿಮಗೆ ಗೊತ್ತೇ ಉಂಟು.

ಇಳಿಯುವಾಗ: ಮಳೆ ಸೇರಿದರೆ ಲೆಕ್ಕವೇ ಬೇರೆ

ಇಳಿಯುವ ವಿಷಯ ನಮ್ಮ ಬೈಕ್ ಸವಾರರಿಗೆ ಬೇಗ ಅರ್ಥ ಆಗುತ್ತದೆ. ಒಣ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತದೆ. ಮೊದಲ ಮಳೆಗೆ ಪಾಚಿ ಹಿಡಿದ ಇಳಿಜಾರಿನಲ್ಲಿ ಅದೇ ಬ್ರೇಕ್ ಹಿಡಿಯಿರಿ ನೋಡುವ!

ಲೆಕ್ಕ ಹೀಗೆ. ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 70 ಮೀಟರಿನಲ್ಲಿ ನೆಲ ಮುಟ್ಟಿದ ವಿಮಾನ ಸೆಕೆಂಡಿಗೆ 2 ಮೀಟರಿನಂತೆ ವೇಗ ಇಳಿಸಿದರೆ 1,225 ಮೀಟರಿನಲ್ಲಿ ನಿಲ್ಲುತ್ತದೆ. ಶೇ.1 ಇಳಿಜಾರಿನಲ್ಲಿ 1,290 ಮೀಟರ್. ಹೆಚ್ಚು ಬೇಕಾದದ್ದು 65 ಮೀಟರ್. ಈಗ ರನ್‌ವೇ ಜಾರುತ್ತಿದೆ, ಬ್ರೇಕ್ ಹಿಡಿಯುತ್ತಿಲ್ಲ, ವೇಗ ಇಳಿಯುವುದು ಸೆಕೆಂಡಿಗೆ 1.2 ಮೀಟರ್ ಮಾತ್ರ ಎಂದುಕೊಳ್ಳಿ. ಸಮತಟ್ಟಿನಲ್ಲಿ 2,040 ಮೀಟರ್ ಬೇಕು. ಅದೇ ಶೇ.1 ಇಳಿಜಾರಿನಲ್ಲಿ 2,230 ಮೀಟರ್. ಹೆಚ್ಚಾದದ್ದು 185 ಮೀಟರಿಗೂ ಮೇಲೆ!

ಇಳಿಜಾರು ಅದೇ, ವಿಮಾನ ಅದೇ. ಬ್ರೇಕ್ ದುರ್ಬಲ ಆದಾಗ ಮಾತ್ರ ಇಳಿಜಾರಿನ ಬಲ ಮೂರು ಪಟ್ಟು ಕಾಣುತ್ತದೆ. ಹಾಗಾಗಿ ಇಳಿಜಾರನ್ನು ಯಾವತ್ತೂ ಒಂಟಿಯಾಗಿ ಲೆಕ್ಕ ಹಾಕಬಾರದು. ಮಳೆಯ ಜೊತೆ, ಗಾಳಿಯ ಜೊತೆ, ಎಲ್ಲಿ ನೆಲ ಮುಟ್ಟಿತು ಎಂಬುದರ ಜೊತೆ ಸೇರಿಸಿ ನೋಡಬೇಕು.

ನೀರು ನಿಲ್ಲದಂತೆ ರನ್‌ವೇಗೆ ಅಡ್ಡಕ್ಕೂ ಇಳಿಜಾರು ಕೊಡುತ್ತಾರೆ. ನಡು ಎತ್ತರ, ಎರಡು ಬದಿ ತಗ್ಗು, ಸುಮಾರು ಶೇ.1ರಿಂದ 1.5. ನಮ್ಮ ರಸ್ತೆಗೆ ಕೊಡುವ ಹಾಗೆಯೇ. ಈ ಅಡ್ಡ ಇಳಿಜಾರು ಉಪಕಾರಿ. ನೀರು ನಿಂತರೆ ಚಕ್ರ ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಕಣ್ಣಿಗೂ ಮೋಸ

ಇಳಿಜಾರು ಚಕ್ರಕ್ಕೆ ಮಾತ್ರ ಅಲ್ಲ, ಪೈಲಟ್‌ನ ಕಣ್ಣಿಗೂ ತೊಂದರೆ ಕೊಡುತ್ತದೆ. ಎದುರಿಗೆ ಏರಿರುವ ರನ್‌ವೇ ಕಂಡರೆ "ನಾನು ತುಂಬ ಎತ್ತರದಲ್ಲಿದ್ದೇನೆ" ಅನ್ನಿಸಿ, ಬೇಕಾದ್ದಕ್ಕಿಂತ ಕೆಳಗೆ ಬರುವ ಅಪಾಯ. ಎದುರಿಗೆ ಇಳಿಜಾರು ರನ್‌ವೇ ಕಂಡರೆ "ಕೆಳಗಿದ್ದೇನೆ" ಅನ್ನಿಸಿ, ಎತ್ತರದಲ್ಲೇ ಬಂದು ತುಂಬ ಮುಂದೆ ಹೋಗಿ ನೆಲ ಮುಟ್ಟುವ ಅಪಾಯ. ಮೇಲಿಂದ, ಇಳಿಜಾರಿನಲ್ಲಿ ನೆಲವೂ ಕೆಳಗೆ ಸರಿಯುತ್ತಾ ಹೋಗುವ ಕಾರಣ ವಿಮಾನ ತೇಲುತ್ತಾ ಇರುತ್ತದೆ. ಸುತ್ತ ಕಣಿವೆ, ನಡುವೆ ಪದವು ಇರುವ ಕಡೆ ಎತ್ತರದ ಅಂದಾಜು ಇನ್ನೂ ತಪ್ಪುತ್ತದೆ. ಇದಕ್ಕಾಗಿಯೇ ರನ್‌ವೇ ಬದಿಯಲ್ಲಿ ಕೆಂಪು-ಬಿಳಿ ದೀಪಗಳ ಸಾಲು ಇಟ್ಟಿರುತ್ತಾರೆ. ನಾಲ್ಕರಲ್ಲಿ ಎರಡು ಕೆಂಪು, ಎರಡು ಬಿಳಿ ಕಂಡರೆ ಎತ್ತರ ಸರಿ ಎಂದು ಅರ್ಥ. ಕಣ್ಣನ್ನು ನಂಬಬೇಡಿ, ದೀಪವನ್ನು ನಂಬಿ ಎಂಬುದು ಅಲ್ಲಿನ ಪಾಠ.

2010ರ ಮೇ 22: ಇಳಿಜಾರು ಕಾರಣವೇ?

ಕರಾವಳಿಯವರು ಮರೆಯದ ದಿನ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬೆಳಿಗ್ಗೆ 6 ಗಂಟೆ ದಾಟುವಾಗ ರನ್‌ವೇ ಮೀರಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಬದುಕಿದ್ದು 8 ಮಂದಿ. ಗುರುತು ಸಿಗದೆ ಉಳಿದವರನ್ನು ಕೂಳೂರಿನ ನದಿ ದಡದಲ್ಲಿ ಮಣ್ಣು ಮಾಡಿದರು. ಅಲ್ಲಿ ಈಗ ಸ್ಮಾರಕ ಇದೆ.

"ರನ್‌ವೇ ಸರಿ ಇಲ್ಲ, ಅದಕ್ಕೇ ಆದದ್ದು" ಎಂಬ ಮಾತು ಇವತ್ತಿಗೂ ಕೇಳುತ್ತದೆ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿದ್ದು ಬೇರೆ. ಅಂದು ಮಳೆ ಇರಲಿಲ್ಲ, ಗಾಳಿ ಶಾಂತವಾಗಿತ್ತು. ಕ್ಯಾಪ್ಟನ್ ಪ್ರಯಾಣದ ಬಹುಪಾಲು ನಿದ್ದೆಯಲ್ಲಿದ್ದರು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿ ಬಂತು. ಸಹ ಪೈಲಟ್ ಮತ್ತೆ ಮೇಲಕ್ಕೆ ಹೋಗುವ ಎಂದು ಮೂರು ಸಲ ಹೇಳಿದರೂ ಇಳಿಸಲಾಯಿತು.

ನೆಲ ಮುಟ್ಟುವ ವಲಯ ಎಂದರೆ ರನ್‌ವೇಯ ಮೊದಲ 900 ಮೀಟರ್ ಅಥವಾ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅದು. ಬಜಪೆಗೆ ಸುಮಾರು 815 ಮೀಟರ್. ಆ ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ, ಅಂದರೆ 1,585 ಮೀಟರ್ ದಾಟಿದ ಮೇಲೆ. ಉಳಿದದ್ದು 860 ಮೀಟರ್ ಆಸುಪಾಸು. ಹಾಗಿದ್ದೂ ಆ ಕ್ಷಣದಿಂದಲೇ ಪೂರ್ತಿ ಬ್ರೇಕ್ ಹಾಕಿದ್ದರೆ ರನ್‌ವೇಯೊಳಗೇ ನಿಲ್ಲಬಹುದಿತ್ತು ಎಂದು ಲೆಕ್ಕ ತೋರಿಸಿತು. ಆದರೆ ನಿಲ್ಲಿಸ್ಲಿಕ್ಕೆ ಶುರು ಮಾಡಿ, ನಡುವಲ್ಲಿ ಮನಸ್ಸು ಬದಲಿಸಿ ಪುನಃ ಹಾರಲು ಎಂಜಿನ್ ಪವರ್ ಕೊಟ್ಟರು. ಬಲ ರೆಕ್ಕೆ ತುದಿಯ ಆಂಟೆನಾ ಕಟ್ಟೆಗೆ ಬಡಿಯಿತು.

ಅಂದರೆ ಇಲ್ಲಿ ಇಳಿಜಾರು ಅಪರಾಧಿಯಲ್ಲ. ನಾವು ಮೇಲೆ ಲೆಕ್ಕ ಹಾಕಿದ 65 ಮೀಟರ್, 185 ಮೀಟರ್ ಎಲ್ಲ ಸೇರಿದರೂ, ತಡವಾಗಿ ನೆಲ ಮುಟ್ಟಿ ಕಳೆದುಕೊಂಡ ಸಾವಿರ ಮೀಟರಿನ ಮುಂದೆ ಸಣ್ಣದು. ಆದರೆ ಕಣಿವೆ ಇದ್ದ ಕಾರಣ ತಪ್ಪಿಗೆ ಎರಡನೇ ಅವಕಾಶ ಸಿಗಲಿಲ್ಲ.

ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನ ಕರಿಪುರದಲ್ಲಿ ಅದೇ ಮಾದರಿಯ ವಿಮಾನ. ಅದೂ ಟೇಬಲ್ ಟಾಪ್. ಜೋರು ಮಳೆ, ಹಿಂಗಾಳಿ, 2,700 ಮೀಟರ್ ರನ್‌ವೇಯಲ್ಲಿ ಅರ್ಧದ ಹತ್ತಿರ ಹೋಗಿ ನೆಲ ಮುಟ್ಟಿದ್ದು. 190 ಮಂದಿಯಲ್ಲಿ 21 ಮಂದಿ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ.

ಹಿಂದೆ ಬಜಪೆಯ ಹಳೆ ರನ್‌ವೇ 1,615 ಮೀಟರ್ ಮಾತ್ರ ಇತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ಒದ್ದೆ ರನ್‌ವೇ ದಾಟಿ ಅಂಚಿನಲ್ಲಿ ನಿಂತಿತ್ತು. ಅದರಲ್ಲಿ ವೀರಪ್ಪ ಮೊಯ್ಲಿ ಇದ್ದರು. ಯಾರಿಗೂ ಜೀವಾಪಾಯ ಆಗಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂದ ಮೇಲೆಯೇ ಇಲ್ಲಿಂದ ಗಲ್ಫ್‌ಗೆ ನೇರ ವಿಮಾನ ಶುರುವಾದದ್ದು.

ರಕ್ಷಣೆಗೆ ಏನುಂಟು?

ಮೊದಲನೆಯದು ಲೆಕ್ಕದಲ್ಲೇ ಇಟ್ಟ ಉಳಿಕೆ. ಒಣ ರನ್‌ವೇಯಲ್ಲಿ ಪ್ರಯಾಣಿಕ ಜೆಟ್ ಲಭ್ಯ ಉದ್ದದ ಶೇ.60ರೊಳಗೆ ನಿಲ್ಲುವಂತೆ ತೂಕ ಲೆಕ್ಕ ಹಾಕಿ ಹೊರಡಬೇಕು. 2,450 ಮೀಟರಿಗೆ ಅದು 1,470 ಮೀಟರ್. ಮಳೆಯಾದರೆ ಬೇಕಾದ ಉದ್ದಕ್ಕೆ ಇನ್ನೂ ಶೇ.15 ಸೇರಿಸಬೇಕು. ಸಣ್ಣ ಇಳಿಜಾರು, ಸ್ವಲ್ಪ ಹೆಚ್ಚಿನ ವೇಗ, ಎಲ್ಲವನ್ನೂ ಈ ಉಳಿಕೆ ನುಂಗಿಕೊಳ್ಳುತ್ತದೆ.

ಎರಡನೆಯದು ರನ್‌ವೇ ಪಟ್ಟಿಯ ಆಚೆ ಬಿಡುವ ಸುರಕ್ಷತಾ ಜಾಗ. ಕನಿಷ್ಠ 90 ಮೀಟರ್ ಇರಬೇಕು, 240 ಇದ್ದರೆ ಒಳ್ಳೆಯದು ಎಂದು ಐಸಿಎಒ ಹೇಳುತ್ತದೆ. ಪದವಿನ ಮೇಲೆ 240 ಮೀಟರ್ ಹುಡುಕುವುದು ಸುಲಭ ಅಲ್ಲ, ಕಣಿವೆ ತುಂಬಿಸಬೇಕು, ಜಾಗ ವಶ ಮಾಡಬೇಕು. ಇದಕ್ಕೆ ಬದಲು ಇಮಾಸ್ ಎಂಬ ವ್ಯವಸ್ಥೆ ಉಂಟು. ವಿಮಾನದ ಭಾರಕ್ಕೆ ಪುಡಿಯಾಗುವ ಹಗುರ ಬ್ಲಾಕ್‌ಗಳನ್ನು ತುದಿಯಲ್ಲಿ ಹಾಸುತ್ತಾರೆ. ಚಕ್ರ ಹೂತು ವಿಮಾನ ನಿಲ್ಲುತ್ತದೆ, ಗದ್ದೆಯ ಕೆಸರಿಗೆ ಇಳಿದ ಜೀಪಿನ ಹಾಗೆ.

ಮೂರನೆಯದು ಮನುಷ್ಯನ ತೀರ್ಮಾನ. ಸರಿಯಾಗಿ ಬರಲಿಲ್ಲ ಅನ್ನಿಸಿದರೆ ಇಳಿಸದೆ ಮೇಲಕ್ಕೆ ಹೋಗುವುದು. ಈ ಮೂರರಲ್ಲಿ ಖರ್ಚು ಕಡಿಮೆ ಇದಕ್ಕೇ, ಉಪಯೋಗ ಹೆಚ್ಚು ಇದರದ್ದೇ.

ನಮಗೆ ಏನು ಗೊತ್ತಿರಬೇಕು?

ವಿಮಾನ ನೆಲದ ಹತ್ತಿರ ಬಂದು ಪುನಃ ಜೋರು ಶಬ್ದದಲ್ಲಿ ಮೇಲೆ ಹೋದರೆ ಹೆದರಬೇಡಿ. ಅದು ವಿಮಾನ ಕೆಟ್ಟದ್ದಲ್ಲ, ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡಿದ್ದು. ಮಳೆಗಾಲದಲ್ಲಿ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ಹೋದರೆ ಕರೆಯಲು ಹೋದವರಿಗೆ ಕಷ್ಟ, ಬಾಡಿಗೆ ಕಾರಿನ ಖರ್ಚು ಹೆಚ್ಚು, ಒಪ್ಪುವ ಮಾತೇ. ಆದರೆ ಕೌಂಟರಿನಲ್ಲಿ ಕೂಗಾಡಿ, "ಬೇರೆಯವರು ಇಳಿಸಿದ್ರಲ್ಲ, ನಿಮಗೆ ಯಾಕಾಗುದಿಲ್ಲ" ಎಂದು ಕೇಳುವ ಮೊದಲು ಮೇಲಿನ ಲೆಕ್ಕ ಒಮ್ಮೆ ನೆನಪು ಮಾಡಿಕೊಳ್ಳಿ. ಹತ್ತು ನಿಮಿಷದಲ್ಲಿ ಗಾಳಿ ತಿರುಗಿದರೆ ನಿಲ್ಲುವ ದೂರ ನೂರಾರು ಮೀಟರ್ ಬದಲಾಗುತ್ತದೆ. ಒಬ್ಬರಿಗೆ ಸಿಕ್ಕ ಜಾಗ ಹಿಂದೆ ಬಂದವರಿಗೆ ಸಿಗಬೇಕೆಂದಿಲ್ಲ.

ಇಳಿದ ಮೇಲೆ ವಿಮಾನ ಪೂರ್ತಿ ನಿಲ್ಲುವ ತನಕ ಬೆಲ್ಟ್ ಬಿಚ್ಚಬೇಡಿ. ರನ್‌ವೇ ಮೀರುವ ಅಪಘಾತ ಆಗುವುದೇ ಚಕ್ರ ನೆಲ ಮುಟ್ಟಿ, ಎಲ್ಲರೂ "ಬಂದಾಯ್ತು" ಅಂದುಕೊಳ್ಳುವ ಹೊತ್ತಿಗೆ. ತುರ್ತು ಸಂದರ್ಭದಲ್ಲಿ ಕೈಚೀಲ ತೆಗೆಯಲು ನಿಲ್ಲಬೇಡಿ, ಹಿಂದಿನವರ ದಾರಿ ಕಟ್ಟಿ ಹೋಗುತ್ತದೆ.

ಬಜಪೆ ರನ್‌ವೇ ಉದ್ದ ಮಾಡಬೇಕು ಎಂಬ ಬೇಡಿಕೆ ಬಂದಾಗಲೆಲ್ಲ ದೊಡ್ಡ ವಿಮಾನ, ಹೆಚ್ಚು ಊರುಗಳಿಗೆ ಸಂಪರ್ಕ ಎಂಬ ಮಾತೇ ಮುಂದೆ ಬರುತ್ತದೆ. ಅದೂ ಬೇಕು. ಆದರೆ ಹೆಚ್ಚು ಸಿಗುವ ಪ್ರತಿ ನೂರು ಮೀಟರ್ ಮೊದಲು ಕೊಡುವುದು ನಿಲ್ಲಿಕ್ಕೆ ಜಾಗವನ್ನು. ನಮ್ಮ ಮನೆಯವರು ಬರುವ ವಿಮಾನಕ್ಕೆ ಅದು ಸೀಟಿನ ಸಂಖ್ಯೆಗಿಂತ ದೊಡ್ಡ ವಿಷಯ.